ಹರಕೆಯ ಗಡ್ಡ

ಬಕೆಟ್ಟಿನ ನೀರು ಸುಡುತ್ತಿರಲಿಲ್ಲ, ತಣ್ಣಗೂ ಇರಲಿಲ್ಲ. ಅಷ್ಟು ಸರಿಯಾಗಿ ಹದ ಮಾಡಿಟ್ಟದ್ದೇ ಭಾನುಪ್ರಕಾಶನಿಗೆ ಅನುಮಾನ ಹುಟ್ಟಿಸಿತು. ಮದುವೆಯಾದ ಹೊಸದರಲ್ಲಿ ಶಿಲ್ಪ ಇಡುತ್ತಿದ್ದ ನೀರು ಕೋಳಿಯ ಪುಕ್ಕ ಕೀಳುವಷ್ಟು ಬಿಸಿಯಿರುತ್ತಿತ್ತು. ಅವನೂ ಗೊಣಗುತ್ತ ಅದನ್ನೇ ಸುರಿದುಕೊಂಡು ಕೆಂಪಗಾಗಿ ಹೊರಗೆ ಬರುತ್ತಿದ್ದ. ಬಿಸಿನೀರು ಬಿದ್ದರೆ ಈಗ ಕಾಲುಗಳು ಸೋತು ಗೋಡೆ ಹಿಡಿಯಬೇಕಾಗುತ್ತದೆ, ತಣ್ಣೀರು ತಾಗಿದರೆ ಬಲಗೆನ್ನೆ ಹೊತ್ತಿಕೊಳ್ಳುತ್ತದೆ ಎಂದು ಅವನು ಹೆಂಡತಿಗೆ ಯಾವತ್ತೂ ಹೇಳಿಲ್ಲ. ಹೇಳದ ಮಾತು ನೀರಿನ ಹದವಾಗಿ ಬಚ್ಚಲಿಗೆ ಹೇಗೆ ಬಂತು? ತಿಳಿದಿದ್ದರೆ ಕೇಳಬೇಕಿತ್ತಲ್ಲ. ಕೇಳದೆ ಇದ್ದಾಳೆಂದರೆ ಏನನ್ನೋ ಒಳಗೊಳಗೇ ಕೂಡಿಡುತ್ತಿದ್ದಾಳೆ. ಅವನು ಚೊಂಬಿನಿಂದ ಹೆಗಲಿಗೆ ಮಾತ್ರ ನೀರು ಸುರಿದುಕೊಂಡ. ಎಡಗೆನ್ನೆಯನ್ನು ಎರಡು ಬೆರಳಲ್ಲಿ ಒದ್ದೆ ಮಾಡಿಕೊಂಡ. ಬಲಗೆನ್ನೆಯ ಕಡೆ ಕೈ ಹೋಗಲಿಲ್ಲ. ಆ ಕಡೆಯ ಗಡ್ಡಕ್ಕೆ ಬಾಚಣಿಗೆ ತಾಗಿ ತಿಂಗಳುಗಳಾಗಿದ್ದವು. ಎಡಭಾಗ ನಯವಾಗಿ ಇಳಿದಿದ್ದರೆ ಬಲಭಾಗ ಕುರಿಯ ಉಣ್ಣೆಯಂತೆ ಗಂಟುಗಟ್ಟಿತ್ತು. ಒಬ್ಬನ ಮುಖಕ್ಕೆ ಇಬ್ಬರ ಗಡ್ಡ. ಹೊರಗಿನಿಂದ ತಾಯಿ ಆದಿಲಕ್ಷ್ಮಮ್ಮ ಬಸ್ಸು ತಪ್ಪುತ್ತದೆ, ಬೇಗ ಬಾ ಎಂದು ಕೂಗಿದರು. ಇವತ್ತು ಮಂಗಳವಾರ. ಘಾಟಿಗೆ ಹೋಗಿ ಸುಬ್ರಹ್ಮಣ್ಯನಿಗೆ ಮುಡಿ ಕೊಡಬೇಕು, ತಲೆಯನ್ನೂ ಈ ಗಡ್ಡವನ್ನೂ ಬೋಳಿಸಿಕೊಂಡು ಬರಬೇಕು. ಎಂದೂ ಹೊತ್ತಿರದ ಒಂದು ಹರಕೆಯನ್ನು ತೀರಿಸಬೇಕು.

ಹರಕೆ ಎಂಬ ಮಾತು ಬಾಯಿಂದ ಜಾರಿದ್ದೂ ಇದೇ ಬಚ್ಚಲ ಬಾಗಿಲಲ್ಲಿ. ಅದಕ್ಕೂ ಮೊದಲು ಒಂದು ಕಣ್ಣು ಮಂಜಾಗಿ ತಾನಾಗಿಯೇ ಸರಿಹೋಗಿತ್ತು. ಆಮೇಲೆ ಕತ್ತು ಬಗ್ಗಿಸಿದಾಗೆಲ್ಲ ಬೆನ್ನಿನಲ್ಲಿ ಕರೆಂಟು ಹರಿದಂತಾಗುತ್ತಿತ್ತು. ಆಮೇಲೆ ಬಲಗಾಲು ಮೆಟ್ಟಿಲು ಕಂಡರೆ ಹಟ ಹಿಡಿಯತೊಡಗಿತು. ಅಂಗಡಿಯ ಕೆಲಸವಿದೆ ಎಂದು ಸುಳ್ಳು ಹೇಳಿ ಅವನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಒಬ್ಬನೇ ಹೋಗಿದ್ದ. ಡಾಕ್ಟರು ಮಿದುಳಿನ ಚಿತ್ರದೊಳಗಿನ ಬಿಳಿ ಚುಕ್ಕಿಗಳನ್ನು ಪೆನ್ನಿನ ತುದಿಯಲ್ಲಿ ತೋರಿಸುತ್ತ, ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುತ್ತಾರೆ, ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದಿದೆ, ವೈರಿನ ಮೇಲಿನ ರಬ್ಬರು ಕಿತ್ತುಬಂದ ಹಾಗೆ ಎಂದರು. ಮುಂದಿನ ಸಲ ಮನೆಯವರನ್ನು ಕರೆದುಕೊಂಡು ಬನ್ನಿ ಎಂದರು. ಅವನು ಕರೆದುಕೊಂಡು ಹೋಗಲಿಲ್ಲ. ಊರಿನಲ್ಲಿ ಕಾಲು ಬಿದ್ದವನ ಮಾತು ಹೇಗೆ ಆಡುತ್ತಾರೆಂದು ಅವನಿಗೆ ಗೊತ್ತಿತ್ತು. ಮೊದಲು ಅಯ್ಯೋ ಅನ್ನುತ್ತಾರೆ, ಆಮೇಲೆ ಅವನ ಹೆಂಡತಿಯ ವಯಸ್ಸೆಷ್ಟು ಎಂದು ಕೇಳುತ್ತಾರೆ. ಹೀಗೆ ಮುಚ್ಚಿಟ್ಟುಕೊಂಡು ಓಡಾಡುತ್ತಿರುವಾಗ ಒಂದು ಬೆಳಿಗ್ಗೆ ಶೇವ್ ಮಾಡುತ್ತಿದ್ದ. ರೇಜರ್ ಬಲಗಡೆ ಮೂಗಿನ ಪಕ್ಕ ತಾಗಿತು, ಅಷ್ಟೇ. ಕೆನ್ನೆಯೊಳಗೆ ಯಾರೋ ಕಾದ ಸರಳು ತೂರಿಸಿ ಎಳೆದುಕೊಂಡಂತಾಯಿತು. ಒಂದು ಕ್ಷಣ. ಆ ಕ್ಷಣದಲ್ಲಿ ಅವನು ಯಾರ ಮಗನೂ ಅಲ್ಲ, ಯಾರ ಗಂಡನೂ ಅಲ್ಲ, ಬರೀ ಒಂದು ಕೆನ್ನೆ. ಹಲ್ಲುನೋವೆಂದು ಊರಿನ ಹಲ್ಲು ಡಾಕ್ಟರ ಹತ್ತಿರ ಹೋದ. ಅವರು ಒಂದು ದವಡೆಹಲ್ಲು ಕಿತ್ತರು. ನೋವು ಹೋಗಲಿಲ್ಲ. ಪಕ್ಕದ್ದನ್ನೂ ಕಿತ್ತರು. ಕಿತ್ತ ಮೇಲೆ ಎರಡೂ ಹಲ್ಲು ಚೆನ್ನಾಗಿಯೇ ಇದ್ದವಲ್ಲ ಎಂದು ಅವರೇ ಆಶ್ಚರ್ಯಪಟ್ಟರು. ಬೆಂಗಳೂರಿನ ಡಾಕ್ಟರು ಮಾತ್ರ ಇದು ಹಲ್ಲಿನದಲ್ಲ, ಮುಖದ ನರದ್ದು, ಅದೇ ಕಾಯಿಲೆಯ ಇನ್ನೊಂದು ಕೈ ಎಂದು ಮಾತ್ರೆ ಬರೆದುಕೊಟ್ಟರು. ಅಷ್ಟರಲ್ಲಿ ಗಡ್ಡ ಬೆಳೆದಿತ್ತು. ಯಾರು ಸತ್ತಿದ್ದಾರೆ ಅಂತ ಗಡ್ಡ ಬಿಟ್ಟಿದ್ದೀಯ ಎಂದು ತಾಯಿ ಬಚ್ಚಲ ಬಾಗಿಲಲ್ಲಿ ತಡೆದು ನಿಲ್ಲಿಸಿ ಕೇಳಿದಾಗ, ಅವನು ತಟ್ಟನೆ ಘಾಟಿಗೆ ಹರಕೆ ಹೊತ್ತಿದ್ದೇನೆ ಎಂದುಬಿಟ್ಟ. ಏನಕ್ಕೆ ಎಂದದ್ದಕ್ಕೆ, ಹೇಳಬಾರದು ಎಂದ.

ಹೇಳಬಾರದು ಅಂದದ್ದೇ ತಪ್ಪಾಯಿತು. ಖಾಲಿ ಪಾತ್ರೆ ಕಂಡರೆ ಎಲ್ಲರೂ ತಮಗೆ ಬೇಕಾದ್ದನ್ನು ತುಂಬುತ್ತಾರೆ. ತಾಯಿ ಅದರಲ್ಲಿ ಮೊಮ್ಮಗುವನ್ನು ತುಂಬಿದರು. ಮದುವೆಯಾಗಿ ನಾಲ್ಕು ವರ್ಷವಾದರೂ ಶಿಲ್ಪಳ ಮಡಿಲು ತುಂಬಿಲ್ಲ, ಮಗ ಬಾಯಿಬಿಟ್ಟು ಹೇಳದಿದ್ದರೂ ಒಳಗೆ ಕೊರಗುತ್ತಿದ್ದಾನೆ ಎಂದುಕೊಂಡು ಅವನ ತಟ್ಟೆಗೆ ತುಪ್ಪ ಹೆಚ್ಚು ಹಾಕತೊಡಗಿದರು. ಅವನು ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುವ ಅಂಗಡಿಯಲ್ಲಿ ಮಾತ್ರ ಬೇರೆಯೇ ಅರ್ಥ ಹುಟ್ಟಿತು. ಭಾನುಪ್ರಕಾಶ ಕುಡಿತ ಬಿಡುವುದಕ್ಕೆ ದೇವರಿಗೆ ಹರಕೆ ಹೊತ್ತಿದ್ದಾನಂತೆ ಎಂದು ಪಕ್ಕದ ಅಂಗಡಿಯವರೂ ಮಾತಾಡಿಕೊಂಡರು. ಜೀವಮಾನದಲ್ಲಿ ಒಂದು ಬಿಯರು ಪೂರ್ತಿ ಕುಡಿದವನಲ್ಲ ಅವನು. ಆದರೆ ನಡೆಯುವಾಗ ಕಾಲು ಎಡವುತ್ತಿತ್ತು, ಮಾತ್ರೆ ನುಂಗಿದ ಮೇಲೆ ನಾಲಿಗೆ ದಪ್ಪಗಾಗಿ ಮಾತು ಎಳೆಯುತ್ತಿತ್ತು, ಮಧ್ಯಾಹ್ನದ ಸೆಕೆಗೆ ಕಣ್ಣು ತೂಗುತ್ತಿತ್ತು. ಇನ್ನೇನು ಸಾಕ್ಷಿ ಬೇಕು? ಮೊದಲೆಲ್ಲ ಕಣ್ಣು ಮುಚ್ಚಿಕೊಂಡು ಬೆರಳ ತುದಿಯಲ್ಲಿ ಮುಟ್ಟಿ ಇದು ರೇಷ್ಮೆ, ಇದು ಆರ್ಟ್ ಸಿಲ್ಕ್ ಎಂದು ಹೇಳುತ್ತಿದ್ದವನು ಅವನು. ಬೆರಳು ಮರಗಟ್ಟಿದ ಮೇಲೆ ಒಂದು ಸಲ ಮದುವೆ ಮನೆಯವರಿಗೆ ಆರ್ಟ್ ಸಿಲ್ಕನ್ನು ಅಪ್ಪಟ ರೇಷ್ಮೆಯೆಂದು ಕೊಟ್ಟುಬಿಟ್ಟ. ಅವರು ಮಾರನೆಯ ದಿನ ಗಂಡಸರನ್ನೆಲ್ಲ ಕರೆದುಕೊಂಡು ಬಂದು ಜಗಳ ತೆಗೆದರು.

ಅವತ್ತು ಮಾಲೀಕರಾದ ಶಫೀವುಲ್ಲಾ ಸಾಹೇಬರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಿರಾಕಿಗಳು ಹೋದ ಮೇಲೆ ಅವನನ್ನು ಹತ್ತಿರ ಕರೆದು, ಮೊಬೈಲಿನಲ್ಲಿ ಹೊಸ ಡಿಸೈನು ಬಂದಿದೆ ನೋಡಪ್ಪಾ ಎಂದರು. ಅವನು ಬಗ್ಗಿದ. ಅವರು ಮೊಬೈಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಅವನು ಇನ್ನೂ ಬಗ್ಗಿದ. ಆಗ ಅವರ ಮೂಗಿನ ಹೊಳ್ಳೆಗಳು ಸಣ್ಣಗೆ ಅರಳಿ ಮುಚ್ಚಿದ್ದನ್ನು ಕಂಡ. ವಾಸನೆ ನೋಡುತ್ತಿದ್ದಾರೆ! ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ವಾಸನೆ ಇಲ್ಲದ್ದನ್ನು ಕಂಡು ಅವರು ನಂಬಿದರೇ? ಇಲ್ಲ, ಯಾವುದೋ ವಾಸನೆಯಿಲ್ಲದ ನಶೆ ಎಂದುಕೊಂಡರೋ ಏನೋ, ಮಾರನೆಯ ದಿನದಿಂದ ಅವನಿಗೆ ಒಳಗಿನ ಗೋಡೌನಿನಲ್ಲಿ ಸೀರೆ ಮಡಚುವ ಕೆಲಸ ಕೊಟ್ಟರು. ಗೋಡೌನಿನಲ್ಲಿ ಫ್ಯಾನು ಇರಲಿಲ್ಲ. ಮುಂದಿನ ಹಾಲಿನಲ್ಲಿ ತಲೆಯ ಮೇಲೆ ತಿರುಗುವ ಫ್ಯಾನಿನ ಗಾಳಿ ಕೆನ್ನೆಗೆ ಬಡಿಯುತ್ತದೆಂದು ಅವನು ದಿನವಿಡೀ ಕಂಬದ ಮರೆಯಲ್ಲಿ ನಿಲ್ಲುತ್ತಿದ್ದ, ಈಗ ನಿಲ್ಲಬೇಕಿರಲಿಲ್ಲ. ಶಿಕ್ಷೆಯೋ ಉಪಕಾರವೋ ತಿಳಿಯದೆ ಅವನು ರಾಶಿ ರಾಶಿ ಸೀರೆ ಮಡಚಿದ. ಆ ಕತ್ತಲ ಕೋಣೆಯಲ್ಲಿ ಕೂತಾಗ ಎಷ್ಟೋ ಸಲ ತನ್ನ ಮೇಲೇ ಅನುಮಾನ ಬರುತ್ತಿತ್ತು. ನೋವು ಬಂದು ಹೋದ ಮೇಲೆ ಕೆನ್ನೆಯಲ್ಲಿ ಒಂದು ಗುರುತೂ ಉಳಿಯುವುದಿಲ್ಲ. ಊದುವುದಿಲ್ಲ, ಕೆಂಪಾಗುವುದಿಲ್ಲ. ಎಷ್ಟು ನೋವೆಂದು ತನಗೇ ನೆನಪಿಗೆ ತಂದುಕೊಳ್ಳಲು ಆಗುವುದಿಲ್ಲ. ನಿಜವಾಗಿ ನೋಯಿತೇ, ಇಲ್ಲ ಎಲ್ಲರಿಗೂ ಮೋಸ ಮಾಡುತ್ತಿದ್ದೇನೆಯೇ? ಹಾಗೆ ಅಂದುಕೊಂಡು ಒಂದು ದಿನ ಬೆರಳಿಂದ ಮೂಗಿನ ಪಕ್ಕ ಮೆಲ್ಲಗೆ ಮುಟ್ಟಿ ನೋಡಿದ್ದ. ಮುಟ್ಟಿದ್ದಕ್ಕೆ ಮಡಚಿದ ಸೀರೆಗಳ ಮೇಲೆ ಬಿದ್ದು ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ.

ಬಚ್ಚಲಿಂದ ಹೊರಗೆ ಬಂದಾಗ ತಾಯಿ ಹಣ್ಣುಕಾಯಿಯ ಬುಟ್ಟಿ ಹಿಡಿದು ನಿಂತಿದ್ದರು. ಅವರ ಕೈ ತಾನಾಗಿ ಅವನ ಮುಖದ ಕಡೆ ಎದ್ದಿತು. ಚಿಕ್ಕಂದಿನಿಂದಲೂ ಅದು ಅವರ ಅಭ್ಯಾಸ. ಹೊರಗೆ ಹೊರಟವನ ಎರಡೂ ಕೆನ್ನೆಗಳನ್ನು ಅಂಗೈಯಿಂದ ಕೆಳಗಿನವರೆಗೆ ನೇವರಿಸಿ, ಆ ಕೈಗಳನ್ನು ತಮ್ಮ ತಲೆಯ ಎರಡು ಪಕ್ಕಕ್ಕೆ ಒತ್ತಿ ಲಟಲಟನೆ ನೆಟಿಕೆ ಮುರಿಯುವುದು. ದೃಷ್ಟಿ ಹೋಯಿತು ಅನ್ನುವುದು. ಅವನು ಟವೆಲ್ ಹುಡುಕುವ ನೆಪದಲ್ಲಿ ತಟ್ಟನೆ ಪಕ್ಕಕ್ಕೆ ಸರಿದ. ಗಡ್ಡ ಬಂದಾಗಿನಿಂದ ಹೀಗೇ ಸರಿಯುತ್ತಿದ್ದಾನೆ. ತಾಯಿಯ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತು ಬುಟ್ಟಿಯ ಕಡೆಗೆ ಇಳಿಯಿತು. ಅವರು ಸೊಸೆಯ ಕಡೆ ಒಮ್ಮೆ ನೋಡಿದರು. ಹೆತ್ತವಳ ಕೈ ಸೋಕಿಸಿಕೊಳ್ಳದ ಹಾಗೆ ಮಗನನ್ನು ತಿರುಗಿಸಿದವಳು ಇವಳೇ ಎಂಬ ನೋಟ ಅದು. ಗಂಡ ಸತ್ತ ಮೇಲೆ ಮಗ್ಗದ ಮನೆಗಳಲ್ಲಿ ನೂಲು ಸುತ್ತಿ ಅವನನ್ನು ಸಾಕಿದವರು ತಾಯಿ. ಅವನಿಗೆ ಎಲ್ಲ ಹೇಳಿಬಿಡಬೇಕೆನ್ನಿಸಿತು. ಆದರೆ ಸಂಕಟಕ್ಕೂ ಒಂದು ಬಾಯಿ ಬೇಕಲ್ಲ.

ಈ ದಿನವನ್ನು ಗೊತ್ತುಮಾಡಿದ್ದೂ ತಾಯಿಯೇ. ಮನೆಯ ಮುಂದೆ ಅವನು ಎರಡು ಸಲ ಎಡವಿ ಬಿದ್ದದ್ದು, ಕೈಯಿಂದ ಲೋಟ ಜಾರಿದ್ದು, ಊಟದ ನಡುವೆ ತುತ್ತು ಬಾಯಲ್ಲಿಟ್ಟುಕೊಂಡು ಕಲ್ಲಿನಂತೆ ಕೂತುಬಿಡುವುದು, ಇದನ್ನೆಲ್ಲ ನೋಡಿ ಅವರು ತಮ್ಮದೇ ತೀರ್ಮಾನಕ್ಕೆ ಬಂದಿದ್ದರು. ಹರಕೆ ಹೊತ್ತು ವರ್ಷವಾಗುತ್ತ ಬಂತು, ಮುಡಿಯನ್ನು ಹಾಗೇ ಮೈಮೇಲೆ ಹೊತ್ತುಕೊಂಡು ತಿರುಗಿದರೆ ನಾಗಪ್ಪ ಸುಮ್ಮನಿರುತ್ತಾನೆಯೇ, ಮೊದಲು ಕಾಲು ಕಟ್ಟುತ್ತಾನೆ, ಆಮೇಲೆ ಮಾತು ಕಟ್ಟುತ್ತಾನೆ ಎಂದಿದ್ದರು. ಅವನಿಗೆ ನಗು ಬಂದಿತ್ತು, ಆದರೆ ನಕ್ಕರೂ ಕೆನ್ನೆ ಎಳೆಯುತ್ತದೆ. ಕಾಯಿಲೆ ಮುಚ್ಚಲು ಹುಟ್ಟಿಸಿದ ಹರಕೆ. ಆ ಹರಕೆ ತೀರಿಸದ್ದಕ್ಕೇ ಕಾಯಿಲೆ ಎನ್ನುವ ತಾಯಿ. ತಾನು ತೋಡಿದ ಗುಂಡಿಯನ್ನು ತಾಯಿ ಅರಿಶಿನ ಕುಂಕುಮ ಹಾಕಿ ಪೂಜೆ ಮಾಡುತ್ತಿದ್ದಾರೆ. ಒಂದು ಮಾತು ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆ ಮಾತನ್ನು ಆಡಿದರೆ ಹೆಂಡತಿಯೂ ಕೇಳಿಸಿಕೊಳ್ಳುತ್ತಾಳೆ. ಹೋದ ತಿಂಗಳು ಅಡುಗೆಮನೆಯಲ್ಲಿ ಅವಳು ಅನುಗೊಂಡನಹಳ್ಳಿಯ ತನ್ನ ಅಣ್ಣ ಜಯಕುಮಾರನ ಜೊತೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದದ್ದು ಅವನ ಕಿವಿಗೆ ಬಿದ್ದಿತ್ತು. ನಾನಾಗಿ ಬಾಯಿಬಿಡಲ್ಲ ಅಣ್ಣ, ಅವರೇ ಹೇಳ್ಲಿ ಅಂತ ಕಾಯ್ತಿದೀನಿ ಎನ್ನುತ್ತಿದ್ದಳು. ಇವನ ಹೆಜ್ಜೆ ಸದ್ದಾದದ್ದೇ ಸಾರಿನ ಉಪ್ಪಿನ ಮಾತಿಗೆ ತಿರುಗಿದಳು. ಅವರೇ ಏನು ಹೇಳಬೇಕು? ಹೋಗು ಎನ್ನಬೇಕೇ? ತಪ್ಪು ತನ್ನ ಮೇಲೆ ಬರದ ಹಾಗೆ ತವರಿಗೆ ಹೋಗುವ ದಾರಿ ಹುಡುಕುತ್ತಿದ್ದಾಳೆ. ಹೋಗಲಿ. ಹೋಗಲಿ ಅಂದುಕೊಂಡಾಗಲೆಲ್ಲ ಅವನ ಎದೆ ಬೀಳುತ್ತಿತ್ತು.

ಬಸ್ಸಿನಲ್ಲಿ ಅವಳು ಮತ್ತೆ ಅದೇ ಆಟ ಹೂಡಿದಳು. ಎಡಗಡೆಯ ಸಾಲಿನಲ್ಲಿ ಕಿಟಕಿಯ ಪಕ್ಕಕ್ಕೆ ಅವನನ್ನು ಕೂರಿಸಿ ತಾನು ಅವನ ಬಲಕ್ಕೆ ಕೂತಳು. ಕಳ್ಳನನ್ನು ಕೋರ್ಟಿಗೆ ಕರೆದೊಯ್ಯುವ ಪೊಲೀಸರು ಹೀಗೇ ಒಳಗಿನ ಸೀಟಿಗೆ ತಳ್ಳಿ ಕೂರುತ್ತಾರೆ. ಎಲ್ಲಿ ಹೋದರೂ ಅವಳು ಈಚೆಗೆ ಅವನ ಬಲಗಡೆಯೇ ಇರುತ್ತಾಳೆ. ರಸ್ತೆಯಲ್ಲಿ ಬಲಗಡೆ, ಮದುವೆಯ ಊಟದ ಸಾಲಿನಲ್ಲಿ ಬಲಗಡೆ, ರಾತ್ರಿ ಮಲಗುವಾಗಲೂ ಜಾಗ ಬದಲಿಸಿದ್ದಾಳೆ. ಎಡವುವುದು ಬಲಗಾಲಲ್ಲವೇ, ಎಷ್ಟು ಎಡವುತ್ತಾನೆಂದು ಲೆಕ್ಕ ಇಡುತ್ತಿರಬೇಕು. ಮುಂದಿನ ಸೀಟಿನ ಮುದುಕ ಗಾಜು ಸರಿಸಿದಾಗ ಅವಳು ತನಗೆ ನೆಗಡಿಯೆಂದು ಹೇಳಿ ಗಾಜು ಮುಚ್ಚಿಸಿದಳು. ಅವಳಿಗೆ ನೆಗಡಿ ಇರಲಿಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳುವವಳು ಇನ್ನೇನೇನು ಹೇಳಿರಬಹುದು ಎಂದು ಅವನು ಅವಳ ಕಿವಿಯ ಓಲೆಯನ್ನೇ ನೋಡುತ್ತ ಕೂತ. ಬಸ್ಸು ರೈಲ್ವೆ ಗೇಟು ದಾಟಿ, ಮಾಕಳಿದುರ್ಗದ ಬೆಟ್ಟದ ಕಡೆ ತಿರುಗಿತು. ಮಾಗಿಯ ಇಬ್ಬನಿ ಇನ್ನೂ ಪೂರ್ತಿ ಕರಗಿರಲಿಲ್ಲ. ತಾಯಿ ಹಿಂದಿನ ಸೀಟಿನಲ್ಲಿ ಯಾರಿಗೋ ಮಗನ ಹರಕೆಯ ಕಥೆ ಹೇಳುತ್ತಿದ್ದರು. ಇವತ್ತಿನ ಕ್ಷೌರಕ್ಕಾಗಿ ಅವನು ಬೆಳಿಗ್ಗೆಯೇ ಒಂದು ಮಾತ್ರೆ ಹೆಚ್ಚಾಗಿ ನುಂಗಿದ್ದ. ಕ್ಷೌರಿಕನ ಕೈಗೆ ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ತಲೆ ಮಾತ್ರ ಬೋಳಿಸು, ಗಡ್ಡ ಬಿಡು ಎಂದು ಕಿವಿಯಲ್ಲಿ ಹೇಳಬೇಕೆಂದುಕೊಂಡಿದ್ದ. ಆದರೆ ತಲೆಯ ಮೇಲೆ ಸುರಿದ ನೀರು ಕೆನ್ನೆಗೆ ಇಳಿಯದೆ ಇರುತ್ತದೆಯೇ? ಯೋಚನೆ ಅಲ್ಲಿಗೆ ಬಂದು ನಿಲ್ಲುತ್ತಿತ್ತು.

ಘಾಟಿಯಲ್ಲಿ ಇಳಿದಾಗ ಮಾತ್ರೆ ತನ್ನ ಕೆಲಸ ಮಾಡಿತ್ತು. ನೋವಿಗಿಂತ ಮೊದಲು ಕಾಲಿನ ಮೇಲೆ ಮಾಡಿತ್ತು. ನೆಲ ಅವನು ಕಾಲು ಇಟ್ಟ ಕಡೆ ಇರಲಿಲ್ಲ. ಹೂವಿನ ಅಂಗಡಿಯ ಸಾಲಿನಲ್ಲಿ ಜೋಲಿ ಹೊಡೆದು ಒಂದು ಬುಟ್ಟಿಯ ಅಂಚು ತುಳಿದ. ಹೂವಿನವಳು ಬುಟ್ಟಿ ಎಳೆದುಕೊಂಡು, ದೇವಸ್ಥಾನಕ್ಕೆ ಬರೋವಾಗ್ಲಾದ್ರೂ ಹಾಕ್ಕೊಳ್ದೆ ಬರಬಾರ್ದಾ ಎಂದು ಪಕ್ಕದವಳಿಗೆ ಕೇಳುವಂತೆ ಅಂದಳು. ತಾಯಿ ಗರ್ರನೆ ತಿರುಗಿ, ನನ್ನ ಮಗ ಅಂಥವನಲ್ಲ, ಬಾಯಿ ಬಿಗಿ ಹಿಡಿದು ಮಾತಾಡು ಎಂದು ಗದರಿದರು. ಅವನ ತೋಳು ಹಿಡಿದು ಮುಂದಕ್ಕೆ ನಡೆಸಿಕೊಂಡು ಹೋದರು. ಅವನಿಗೆ ಎದೆ ತುಂಬಿ ಬಂದಿತ್ತು. ಆದರೆ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ತಾಯಿ ಮುಖವನ್ನು ಅವನ ಭುಜದ ಕಡೆ ತಂದು ಮೆಲ್ಲಗೆ ಉಸಿರು ಎಳೆದುಕೊಂಡದ್ದು ತಿಳಿಯಿತು. ಶಫೀವುಲ್ಲಾ ಸಾಹೇಬರ ಮೂಗೂ ಹೀಗೇ ಅರಳಿತ್ತು. ಹೆತ್ತವಳೂ. ಅವನು ಅರಳಿಮರದ ಸುತ್ತಲಿನ ನಾಗರಕಲ್ಲುಗಳನ್ನು ನೋಡುತ್ತ ನಡೆದ. ಅರಿಶಿನ ಮೆತ್ತಿಕೊಂಡ ನೂರಾರು ಹೆಡೆಗಳು, ಒಂದೊಂದೂ ಯಾರದೋ ಬೇಡಿಕೆ. ಅಷ್ಟು ಜನ ನಿಜವಾಗಿ ಬೇಡಿಕೊಂಡ ಜಾಗಕ್ಕೆ ತಾನೊಬ್ಬ ಸುಳ್ಳು ಹೊತ್ತು ತಂದಿದ್ದೇನೆ. ದೇವರ ಭಯ ಅವನಿಗೆ ಅಷ್ಟಾಗಿ ಇರಲಿಲ್ಲ. ಆದರೂ ಆ ಕಲ್ಲುಗಳಿಗೆಲ್ಲ ವಿಷಯ ಗೊತ್ತಿದೆ ಅನ್ನಿಸಿತು.

ಮುಡಿ ಕೊಡುವ ಕಟ್ಟೆ ಮೂರು ಕಡೆ ತೆರೆದ ಒಂದು ತಗಡಿನ ಚಪ್ಪರ. ಬಲಗಡೆಯಿಂದ ಬೆಟ್ಟದ ಗಾಳಿ ನೇರವಾಗಿ ನುಗ್ಗುತ್ತಿತ್ತು. ಚೀಟಿ ಹಿಡಿದವರು ಸಾಲಾಗಿ ಕೂತಿದ್ದರು. ಒದ್ದೆ ನೆಲದ ಮೇಲೆ ಕೂದಲು ಹರಡಿತ್ತು. ತಾಯಂದಿರ ತೊಡೆಯ ಮೇಲೆ ಪುಟ್ಟ ಮಕ್ಕಳು ಕಿರುಚುತ್ತಿದ್ದವು. ಕಿರುಚಲು ಯಾರ ಅಪ್ಪಣೆಯೂ ಬೇಡದ ಅವುಗಳ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಅವನ ಸರದಿ ಬಂತು. ವಯಸ್ಸಾದ ಕ್ಷೌರಿಕ ತಂಬಿಗೆಯಲ್ಲಿ ನೀರು ತುಂಬಿಕೊಂಡು ಕೂತುಕೊಳ್ಳಿ ಎಂದ. ತಣ್ಣೀರು. ತಂಬಿಗೆಯ ಹೊರಗೆಲ್ಲ ಹನಿ ಕಟ್ಟಿತ್ತು. ಭಾನುಪ್ರಕಾಶನಿಗೆ ಕೂರಲಾಗಲಿಲ್ಲ. ಮಂಡಿಗಳು ಬಾಗಲಿಲ್ಲವೋ, ಅವನೇ ಬಾಗಿಸಲಿಲ್ಲವೋ. ಕಿವಿಯಲ್ಲಿ ಹೇಳಬೇಕೆಂದುಕೊಂಡ ಮಾತು ನಾಲಿಗೆಯ ಮೇಲೆ ದಪ್ಪಗೆ ಕೂತಿತು. ತಾಯಿ ಹಿಂದಿನಿಂದ ಕೂತ್ಕೋ ಕಣೋ ಎಂದರು. ಸಾಲಿನಲ್ಲಿದ್ದವರು ತಲೆಯೆತ್ತಿ ನೋಡಿದರು. ಆಗ ಅವನ ಬಲಗಡೆಯಿದ್ದ ಶಿಲ್ಪ ಜಡೆಯಲ್ಲಿದ್ದ ಹೂವನ್ನು ಕಿತ್ತು ಅವನ ಕೈಗೆ ಕೊಟ್ಟು, ಅವನನ್ನು ದಾಟಿಹೋಗಿ, ಮಣೆಯ ಮೇಲೆ ಕೂತುಬಿಟ್ಟಳು. ಜಡೆ ಬಿಚ್ಚತೊಡಗಿದಳು.

"ಗಂಡನ ಹರಕೆ ಹೆಂಡ್ತಿ ತೀರಿಸ್ಬೋದು ಅತ್ತೆ" ಎಂದಳು, ಯಾರ ಮುಖವನ್ನೂ ನೋಡದೆ. "ನನಗೆ ಕನಸಲ್ಲಿ ಬಂತು. ನನ್ನದೇ ಕೇಳ್ತಿದಾನೆ ದೇವರು."

ಆದಿಲಕ್ಷ್ಮಮ್ಮನ ಕೈಯ ಬುಟ್ಟಿ ನೆಲಕ್ಕೆ ಇಳಿಯಿತು. ಮುತ್ತೈದೆ ತಲೆ ಬೋಳಿಸಿಕೊಂಡು ಮನೆಗೆ ಬರುವುದೇ, ನಾಳೆ ಬೀದಿಯವರು ಏನನ್ನುತ್ತಾರೆ, ಯಾವ ಕನಸು, ನನ್ನ ಹತ್ತಿರ ಯಾಕೆ ಹೇಳಲಿಲ್ಲ ಎಂದು ಒಂದರ ಮೇಲೊಂದು ಕೇಳಿದರು. ಶಿಲ್ಪ ಜಡೆಯ ಕೊನೆಯ ಎಳೆಯನ್ನೂ ಬಿಡಿಸಿದಳು. ಕೂದಲು ಬೆನ್ನ ತುಂಬ ಬಿದ್ದಿತ್ತು. ಅವಳ ಹೂವು ಹಿಡಿದುಕೊಂಡು ಬೆಪ್ಪನಂತೆ ನಿಂತವನ ತಲೆಯಲ್ಲಿ ಮೊದಲು ಬಂದದ್ದು ಅನುಮಾನವೇ. ಇದು ನಾಟಕ. ಊರವರ ಮುಂದೆ ನನ್ನನ್ನು ಕೈಲಾಗದವನೆಂದು ತೋರಿಸುವುದಕ್ಕೆ. ಅಣ್ಣನ ಮುಂದೆ ಬೋಳುತಲೆ ಹೊತ್ತುಕೊಂಡು ನಿಂತು, ಇಂಥವನ ಜೊತೆ ಹೇಗೆ ಬಾಳಲಿ ಎನ್ನುವುದಕ್ಕೆ. ಕ್ಷೌರಿಕ ತಂಬಿಗೆಯ ನೀರನ್ನು ಅವಳ ನೆತ್ತಿಗೆ ಸುರಿದು, ಕತ್ತಿ ಕೈಗೆತ್ತಿಕೊಂಡು, ಆಮೇಲೆ ಏನೋ ಸರಿಯಿಲ್ಲವೆನ್ನಿಸಿ ತಡೆದ. ಹೆಣ್ಣುಮಗಳ ಮುಡಿಗೆ ಯಜಮಾನರ ಬಾಯಿಮಾತು ಬೇಕು ಎಂದು ಭಾನುಪ್ರಕಾಶನನ್ನು ನೋಡಿದ.

"ಏನ್ ಸ್ವಾಮಿ, ತೆಗೀಲಾ?"

ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವಳ ಕೂದಲು ಹೋದರೆ ಇವನ ಗುಟ್ಟು ಉಳಿಯುತ್ತಿತ್ತು, ಗಡ್ಡಕ್ಕೆ ಇನ್ನೊಂದು ನೆಪ ಹುಡುಕಿದರಾಯಿತು. ಅವನು ಆ ಕ್ಷಣ ನಿಜವಾಗಿಯೂ ಹಾಗೆ ಲೆಕ್ಕ ಹಾಕಿದ, ಮತ್ತು ಹಾಗೆ ಲೆಕ್ಕ ಹಾಕಿದ್ದು ತಿಳಿದು ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ನೀರು ಇಳಿಯುವ ಹಣೆಯನ್ನು ತುಸು ಎತ್ತಿ ಶಿಲ್ಪ ಅವನ ಕಡೆ ನೋಡಿದಳು. ಅವಳು ನೋಡಿದ್ದು ಅವನ ಕಣ್ಣನ್ನಲ್ಲ, ಅವನು ನಿಂತ ಜಾಗವನ್ನು.

"ಅಲ್ಲಿ ನಿಂತ್ಕೋಬೇಡಿ ರೀ" ಎಂದಳು ಮೆಲ್ಲಗೆ. "ಬಲಗಡೆಯಿಂದ ಗಾಳಿ ಬರ್ತಿದೆ. ಕಂಬದ ಈಚೆಗೆ ಬನ್ನಿ."

ಬಕೆಟ್ಟಿನ ನೀರು, ಬಸ್ಸಿನ ಗಾಜು, ಇಲ್ಲದ ನೆಗಡಿ, ರಾತ್ರಿ ಬದಲಾದ ಹಾಸಿಗೆಯ ಜಾಗ. ಎಷ್ಟು ತಿಂಗಳಿನಿಂದ ಅವಳು ಅವನ ಕೆನ್ನೆಗೂ ಲೋಕಕ್ಕೂ ನಡುವೆ ಗೋಡೆಯ ಹಾಗೆ ನಿಂತಿದ್ದಳು, ಅವನು ಆ ಗೋಡೆಯನ್ನು ಜೈಲೆಂದುಕೊಂಡಿದ್ದ. ಅವನಿಗೆ ಅವಳ ಕಾಲು ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ತಾಯಿಯ ಕಡೆ ತಿರುಗಿ, ದಪ್ಪ ನಾಲಿಗೆಯನ್ನು ಎಳೆದೆಳೆದು ಮಾತಾಡಿದ.

"ಅಮ್ಮ, ಹರಕೆ ಸುಳ್ಳು. ನಾನು ಯಾವ ಹರಕೇನೂ ಹೊತ್ಕೊಂಡಿಲ್ಲ. ಕೆನ್ನೆ ನೋವು, ಬ್ಲೇಡು ತಾಗ್ಸಕ್ಕಾಗಲ್ಲ, ಅದಕ್ಕೆ ಗಡ್ಡ. ನರದ ಕಾಯಿಲೆ ಇದೆ ನಂಗೆ. ವಾಸಿಯಾಗಲ್ಲ ಅಂದವ್ರೆ ಡಾಕ್ಟ್ರು."

ಇಷ್ಟು ದಿನ ಕಟ್ಟಿಟ್ಟ ಮಾತು ಹೊರಗೆ ಬಂದ ಮೇಲೆ ಭೂಮಿ ಬಿರಿಯಬೇಕಿತ್ತು. ತಾಯಿ ಅವನನ್ನೇ ನೋಡಿದರು. ಅವನ ಮುಖ, ಒದ್ದೆ ಕೂದಲಿನ ಸೊಸೆ, ಮತ್ತೆ ಅವನ ಮುಖ. ಆಮೇಲೆ ಅವರ ತುಟಿ ಒಂದು ಕಡೆಗೆ ಸೊಟ್ಟಗಾಯಿತು.

"ಹೆಂಡ್ತಿ ಕೂದ್ಲು ಉಳಿಸ್ಕೊಳ್ಳಕ್ಕೆ ದೇವರ ಮುಂದೆ ಸುಳ್ಳು ಹೇಳ್ತೀಯೇನೋ ಭಾನು?"

ನಂಬಲಿಲ್ಲ. ಸುಳ್ಳನ್ನು ವರ್ಷವಿಡೀ ತುಪ್ಪ ಬಡಿಸಿ ನಂಬಿದವರು ನಿಜವನ್ನು ನಂಬಲಿಲ್ಲ. ಯಾಕೆ ನಂಬಬೇಕು? ಅವನು ತೋರಿಸುವುದಕ್ಕೆ ಏನಿತ್ತು? ಗಾಯವಿಲ್ಲ, ಬಾವಿಲ್ಲ. ಕಿತ್ತ ಹಲ್ಲುಗಳ ಜಾಗ ಮಾತ್ರ. ಕ್ಷೌರಿಕ ಕತ್ತಿ ಹಿಡಿದು ಇಬ್ಬರನ್ನೂ ನೋಡುತ್ತಿದ್ದ. ಸಾಲಿನಲ್ಲಿ ಯಾರೋ ಗೊಣಗಿದರು. ಭಾನುಪ್ರಕಾಶ ತಾಯಿಯ ಎರಡೂ ಕೈಗಳನ್ನು ಹಿಡಿದುಕೊಂಡ. ನೂಲು ಸುತ್ತಿ ಸುತ್ತಿ ಒರಟಾದ ಕೈಗಳು. ಅವು ಮೊದಲು ಬಿಡಿಸಿಕೊಳ್ಳಲು ನೋಡಿದವು. ಬೇಡ ರೀ ಎಂದು ಶಿಲ್ಪ ಮಣೆಯಿಂದ ಅರ್ಧ ಎದ್ದದ್ದು ಕಾಣಿಸಿತು. ಅವನು ಆ ಕೈಗಳನ್ನು ಎತ್ತಿ, ಚಿಕ್ಕಂದಿನಲ್ಲಿ ಅವರು ಮಾಡುತ್ತಿದ್ದ ಹಾಗೆ, ತನ್ನ ಎರಡೂ ಕೆನ್ನೆಗೆ ಒತ್ತಿಕೊಂಡು ಕೆಳಗಿನವರೆಗೆ ಎಳೆದ.

ಆಮೇಲೆ ಎಷ್ಟು ಹೊತ್ತಾಯಿತೋ ಅವನಿಗೆ ತಿಳಿಯದು. ಕೂಗಿದ್ದು ತಾನೇ ಎಂಬುದು ಮಕ್ಕಳು ಅಳು ನಿಲ್ಲಿಸಿ ತನ್ನ ಕಡೆ ನೋಡುತ್ತಿದ್ದುದರಿಂದ ಗೊತ್ತಾಯಿತು. ಅವನು ಒದ್ದೆ ನೆಲದ ಮೇಲೆ, ಯಾರದೋ ಕೂದಲಿನ ನಡುವೆ ಮಂಡಿಯೂರಿದ್ದ. ಶಿಲ್ಪ ಬಲಗಡೆ ಕೂತು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಗಾಳಿಗೆ ಅಡ್ಡ ಹಿಡಿದಿದ್ದಳು, ಮೈಗೆ ತಾಗದ ಹಾಗೆ. ಅವಳ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತಾಯಿ ಎದುರಿಗೆ ನಿಂತಿದ್ದರು. ಅವರ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು, ಎಲ್ಲಿ ಇಡಬೇಕೆಂದು ತಿಳಿಯದೆ. ತಾನೇ ಮಗನನ್ನು ಸುಟ್ಟೆನೋ ಎಂಬಂತೆ ಆ ಅಂಗೈಗಳನ್ನು ನೋಡಿಕೊಂಡರು.

"ಯಾವಾಗಿಂದ ಗೊತ್ತು ನಿಂಗೆ?" ಎಂದು ಸೊಸೆಯನ್ನು ಕೇಳಿದರು.

"ತುಂಬಾ ದಿನದಿಂದ ಅತ್ತೆ, ನೋಡ್ತಾನೇ ಇದ್ದೆ. ಅವರೇ ಹೇಳ್ಲಿ ಅಂತ ಕಾಯ್ತಿದ್ದೆ."

ತಾಯಿ ಮಗನನ್ನು ಬೈಯುತ್ತಾರೋ, ಸೊಸೆಯನ್ನು ಬೈಯುತ್ತಾರೋ, ಬುಟ್ಟಿ ಎತ್ತಿಕೊಂಡು ಮನೆಗೆ ನಡೆಯುತ್ತಾರೋ ಎಂದು ಅವನು ಅವರ ಕಾಲನ್ನೇ ನೋಡುತ್ತಿದ್ದ. ಆ ಕಾಲುಗಳು ಅವನನ್ನು ಬಳಸಿಕೊಂಡು ಹೋಗಿ ಮಣೆಯ ಹತ್ತಿರ ನಿಂತವು. ಆದಿಲಕ್ಷ್ಮಮ್ಮ ಮಣೆಯ ಮೇಲೆ ಕೂತು, ನೆಲ್ಲಿಕಾಯಿಯಷ್ಟಿದ್ದ ತಮ್ಮ ಬಿಳಿ ತುರುಬನ್ನು ಬಿಚ್ಚಿದರು.

"ಸುಳ್ಳೋ ನಿಜವೋ, ದೇವರ ಹೆಸರು ಹಿಡಿದು ಬಾಯಲ್ಲಿ ಆಡಿದೀಯ. ಯಾರಾದ್ರೂ ತೀರಿಸ್ಲೇಬೇಕು" ಎಂದರು. ಆಮೇಲೆ ಕ್ಷೌರಿಕನಿಗೆ, "ತೆಗಿಯಪ್ಪ. ನನಗೆ ಯಾರ ಬಾಯಿಮಾತೂ ಬೇಕಾಗಿಲ್ಲ."

ಕತ್ತಿ ನೆತ್ತಿಯಿಂದ ಹಿಂದಕ್ಕೆ ಇಳಿಯುವ ಸದ್ದು ಕೇಳಿಸಿತು. ಸಿಟ್ಟಿನಿಂದ ಕೂತಿದ್ದಾರೋ ಪ್ರೀತಿಯಿಂದಲೋ ಅವರ ಮುಖ ನೋಡಿ ಹೇಳುವಂತಿರಲಿಲ್ಲ, ಮುಖ ಕೆಳಗಿತ್ತು. ಬಿಳಿ ಕೂದಲು ಉಳಿದವರ ಕರಿಯ ಕೂದಲಿನ ಮೇಲೆ ಬಿದ್ದು ಬೇರೆಯಾಗಿ ಕಂಡಿತು. ಎಲ್ಲ ಮುಗಿದ ಮೇಲೆ ಅವರು ಎದ್ದು, ಬೋಳುತಲೆಯ ಮೇಲೆ ಸೆರಗು ಹೊದೆಯದೆ ಹಾಗೆಯೇ ಬಂದು ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಕೈಗಳು ಹಳೆಯ ಅಭ್ಯಾಸದಂತೆ ಎದ್ದವು. ಅವನು ಕಣ್ಣು ಮುಚ್ಚಿದ, ಆದರೆ ಸರಿಯಲಿಲ್ಲ. ಏನೂ ತಾಗಲಿಲ್ಲ. ಕೈಗಳು ಕೆನ್ನೆಯಿಂದ ಒಂದು ಗೇಣು ದೂರದಲ್ಲಿ, ಗಾಳಿಯನ್ನೇ ನೇವರಿಸಿ ಕೆಳಗಿಳಿದವು. ಆಮೇಲೆ ಒದ್ದೆ ಬೋಳುತಲೆಯ ಪಕ್ಕಕ್ಕೆ ಒತ್ತಿಕೊಂಡು ಲಟಲಟನೆ ನೆಟಿಕೆ ಮುರಿದವು. ಒಂದು ಬೆರಳೂ ಬಾಕಿ ಉಳಿಯಲಿಲ್ಲ. ಭಾನುಪ್ರಕಾಶನ ಕಣ್ಣಿಂದ ನೀರು ಇಳಿದು ಬಲಗೆನ್ನೆಯ ಗಂಟುಗಟ್ಟಿದ ಗಡ್ಡದೊಳಗೆ ಹೋಯಿತು. ಅದನ್ನು ಒರೆಸಲು ಇಬ್ಬರೂ ಕೈ ಎತ್ತಲಿಲ್ಲ.